ಕಾಯುವಿಕೆಗೆ ಎಷ್ಟು ಎತ್ತರ?

ಆರ್ಕಿಟೆಕ್ಚರ್ ಓದುವವರಿಗೆ ಒಂದಲ್ಲ ಒಂದು ಸೆಮಿಸ್ಟರಿನಲ್ಲಿ ಇಂಥದೊಂದು ಕೆಲಸ ಬಂದೇ ಬರುತ್ತದೆ. ನೆನಪು, ಭಯ, ಅಗಲಿಕೆ, ಮೌನ ಅಂತ ಯಾವುದೋ ಒಂದನ್ನು ಕೈಗಿಟ್ಟು, ಜಾಗ ಇಷ್ಟಿದೆ, ಇದಕ್ಕೊಂದು ರೂಪ ಕೊಡಿ ಅನ್ನುತ್ತಾರೆ. ಶಾಲೆಯೋ ಮನೆಯೋ ಆಗಿದ್ದರೆ ಹಿಡಿದು ಹೊರಡಲು ಏನಾದರೂ ಇರುತ್ತದೆ: ಎಷ್ಟು ಕೋಣೆ, ಎಷ್ಟು ಜನ, ಬಿಸಿಲು ಯಾವ ಕಡೆಯದು, ಮಳೆನೀರು ಎಲ್ಲಿ ಹರಿದು ಹೋಗಬೇಕು. ಅಗಲಿಕೆಗೆ ಎಷ್ಟು ಕೋಣೆ? ಭಯಕ್ಕೆ ಕಿಟಕಿ ಯಾವ ಕಡೆ? ಕೇಳಲು ವಿಚಿತ್ರ ಅನ್ನಿಸಬಹುದು. ಆದರೂ ಈ ಪ್ರಶ್ನೆಗಳನ್ನು ಇಷ್ಟೇ ನೇರವಾಗಿ ಕೇಳಿಕೊಂಡು, ಸ್ಕೇಲ್ ಹಿಡಿದು ಉತ್ತರ ಹುಡುಕಲು ಕೂತಾಗಲೇ ಅಮೂರ್ತವಾದದ್ದು ಕಟ್ಟಡದ ಕಡೆಗೆ ಹೊರಳುತ್ತದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ನನಗೆ ಸಿಕ್ಕಿದ್ದು ‘ಕಾಯುವಿಕೆ’. 9 ಮೀಟರ್ ಉದ್ದ, 9 ಮೀಟರ್ ಅಗಲದ ಜಾಗ. ನೆಲದಿಂದ 90 ಸೆಂಟಿಮೀಟರ್ ಮೇಲೆ ಒಂದು ಕಟ್ಟೆ, ಅದರ ಮೇಲೆ ಸೂರಿರುವ ಒಂದೇ ಒಂದು ಕೋಣೆ. ಬೇರೇನೂ ಹೇಳಿರಲಿಲ್ಲ.

ಇಂಥ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ಚಿತ್ರ. ಸ್ಟುಡಿಯೋದ ಗೋಡೆಗಳ ಮೇಲೆ ಅಂಟಿಸಿರುವ ಶೀಟುಗಳನ್ನು ನೋಡುತ್ತ ಹೋದರೆ ಸಾಕು: ನೆನಪು ಅಂದರೆ ಮರದ ಕಾಂಡದೊಳಗಿನ ಉಂಗುರಗಳು, ಜ್ಞಾನ ಅಂದರೆ ತೆರೆದ ಪುಸ್ತಕ, ಭರವಸೆ ಅಂದರೆ ಮೇಲಕ್ಕೇರುವ ಗೆರೆ, ಕಾಲ ಅಂದರೆ ಸುರುಳಿ, ಕಾಯುವುದಾದರೆ ಖಾಲಿ ಕುರ್ಚಿ. ಇದರಲ್ಲಿ ಕೊರತೆಯೇನಿಲ್ಲ, ಮನಸ್ಸು ಅಮೂರ್ತವನ್ನು ಹಿಡಿದಿಟ್ಟುಕೊಳ್ಳುವುದೇ ಹಾಗೆ. ತೊಡಕು ಶುರುವಾಗುವುದು ಚಿತ್ರ ಸಿಕ್ಕಿದ ಕೂಡಲೇ ಕಟ್ಟಡವೂ ಸಿಕ್ಕಿತು ಅಂದುಕೊಂಡಾಗ. ಉಂಗುರಗಳನ್ನು ಪ್ಲಾನಿನಲ್ಲಿ, ಅಂದರೆ ಮೇಲಿನಿಂದ ನೋಡಿದಂತೆ ಬರೆಯುವ ನಕ್ಷೆಯಲ್ಲಿ, ಎಳೆದು, ಮೂರು ಮೀಟರ್ ಎತ್ತರಿಸಿ ಗೋಡೆ ಅಂದುಬಿಟ್ಟರೆ, ಆ ಉಂಗುರ ಕಾಣುವುದು ಹಕ್ಕಿಗೆ ಮತ್ತು ನಮ್ಮ ಕೆಲಸವನ್ನು ತೂಗಿ ನೋಡುವ ಜ್ಯೂರಿಗೆ. ಒಳಗೆ ನಡೆಯುವವರಿಗೆ ಕಾಣುವುದು ಬಾಗಿದ ಗೋಡೆ ಮಾತ್ರ. ಆ ಬಾಗು ಅವರಲ್ಲಿ ಯಾವ ನೆನಪನ್ನೂ ಎಬ್ಬಿಸಬೇಕಾಗಿಲ್ಲ.

ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದ ನಕ್ಷೆಗಳನ್ನು ಇದೇ ಕಾರಣಕ್ಕೆ ನಾನು ಬಹಳ ಹೊತ್ತು ನೋಡಿದ್ದೇನೆ. 1989ರ ಸ್ಪರ್ಧೆಯಲ್ಲಿ ಡೊಮಿನಿಕ್ ಪೆರೋ ಅವರಿಗೆ ಗೆಲುವು ತಂದ ವಿನ್ಯಾಸ ಅದು. ದೊಡ್ಡ ಆಯತದ ನಾಲ್ಕು ಮೂಲೆಗಳಲ್ಲಿ ಎಲ್ ಆಕಾರದ ನಾಲ್ಕು ಗಾಜಿನ ಗೋಪುರಗಳು, ನಾಲ್ಕು ಪುಸ್ತಕಗಳನ್ನು ತೆರೆದು ನಿಲ್ಲಿಸಿದಂತೆ. ಪುಸ್ತಕಗಳನ್ನು ಮೇಲೆ ಆ ಗಾಜಿನೊಳಗೆ ಇಡುವುದು, ಓದುವವರನ್ನು ಕೆಳಗೆ ಕೂರಿಸುವುದು ಅಂತ ಯೋಜನೆ. ಆದರೆ ಹಳೆಯ ಕಾಗದಕ್ಕೆ ಬಿಸಿಲು ಆಗದು. ಟೀಕೆಗಳು ಬಂದು, ಕೊನೆಗೆ ಗಾಜಿನ ಹಿಂದೆ ಮರದ ಪರದೆಗಳನ್ನು ಹಾಕಬೇಕಾಯಿತು. ಗೋಪುರ ಪುಸ್ತಕದ ಹಾಗೆ ಕಂಡಿತು, ಪುಸ್ತಕಕ್ಕೆ ಬೇಕಾದದ್ದನ್ನು ಮಾತ್ರ ಮೊದಲೇ ಕೇಳಲಿಲ್ಲ. ಅದೇ ಕಟ್ಟಡದ ನಡುವೆ ತಗ್ಗಿನಲ್ಲೊಂದು ತೋಟವಿದೆ. ಬೆಳೆದು ನಿಂತ ಪೈನ್ ಮರಗಳನ್ನೇ ತಂದು ನೆಟ್ಟಿದ್ದಾರೆ, ಓದುವ ಕೋಣೆಗಳು ಅದರ ಸುತ್ತ ಇವೆ. ಓದುಗರು ಅದರೊಳಗೆ ಕಾಲಿಡುವಂತಿಲ್ಲ, ನೋಡಬಹುದು ಅಷ್ಟೆ. ಈ ತೋಟ ಯಾವುದರ ಹಾಗೂ ಕಾಣಬೇಕಿಲ್ಲ. ಪುಸ್ತಕದಿಂದ ತಲೆ ಎತ್ತಿದವರ ಕಣ್ಣಿಗೆ ದೂರವನ್ನೂ ಕಿವಿಗೆ ನಿಶ್ಶಬ್ದವನ್ನೂ ಕೊಡುತ್ತದೆ. ಓದು ಎಂಬ ಅಮೂರ್ತ ಕ್ರಿಯೆಗೆ ಆ ಕಟ್ಟಡದಲ್ಲಿ ನಿಜವಾಗಿ ರೂಪ ಸಿಕ್ಕಿರುವುದು ಗೋಪುರಗಳಲ್ಲಲ್ಲ, ಈ ತೋಟದಲ್ಲಿ ಎಂದೇ ನನ್ನ ತೀರ್ಮಾನ.

ಹಾಗಂತ ಚಿತ್ರದಿಂದ ಹೊರಡಲೇಬಾರದು ಅಂತಲ್ಲ. ಡೆನ್ಮಾರ್ಕ್‌ನ ಬಾಗ್ಸ್‌ವೇರ್ ಚರ್ಚ್ 1976ರಲ್ಲಿ ಮುಗಿದದ್ದು, ಯೋರ್ನ್ ಉಟ್ಜಾನ್ ಅವರ ಕೆಲಸ. ಅದರ ಮೊದಲ ಚಿತ್ರದಲ್ಲಿರುವುದು ಕಡಲ ದಂಡೆಯ ಮೇಲೆ ತೇಲುವ ಮೋಡಗಳು. ಆ ಮೋಡ ಕಟ್ಟಡದೊಳಗೆ ಕಾಂಕ್ರೀಟಿನ ಬಾಗಿದ ಚಾವಣಿಯಾಗಿ ಇಳಿದಿದೆ. ಮೇಲಿನ ಕಿಟಕಿಯ ಬೆಳಕು ಆ ಬಾಗುಗಳ ಮೇಲೆ ಬಿದ್ದು, ಮೆತ್ತಗಾಗಿ ಕೆಳಗೆ ಇಳಿಯುತ್ತದೆ. ಮೋಡ ಅಂತ ಯಾರೂ ಹೇಳಿಕೊಡದಿದ್ದರೂ ಬೆಳಕು ತನ್ನ ಕೆಲಸ ಮಾಡಿಯೇ ಮಾಡುತ್ತದೆ. ಚಿತ್ರ ಬೆಳಕಿನ ಕೆಲಸಕ್ಕೆ ಕೈಹಾಕಿದ್ದರಿಂದ ಉಳಿಯಿತು.

ಕಾಯುವಿಕೆಯ ಮುಂದೆ ಖಾಲಿ ಬಟರ್ ಶೀಟ್ (ನಕ್ಷೆ ಬರೆಯುವ ತೆಳು ಕಾಗದ) ಹಾಸಿಕೊಂಡು ಕೂತಿದ್ದಾಗ ನಮ್ಮ ಸ್ಟುಡಿಯೋ ಮೇಡಂ ಪಕ್ಕಕ್ಕೆ ಬಂದು ಕೇಳಿದ್ದು ಒಂದೇ ಪ್ರಶ್ನೆ: “ಕಾಯ್ತಿರೋರು ಕೂತಿದ್ದಾರಾ, ನಿಂತಿದ್ದಾರಾ?” ಉತ್ತರಕ್ಕೂ ನಿಲ್ಲದೆ ಮುಂದಿನ ಮೇಜಿಗೆ ಹೋದರು. ಆ ಪ್ರಶ್ನೆ ನನಗೆ ಕೊಟ್ಟ ಬಲ ದೊಡ್ಡದು. ಕಾಯುವಿಕೆಗೆ ಮೈ ಇರಲಿಲ್ಲ, ಈಗ ಮೈ ಬಂತು.

ಆಮೇಲೆ ಗಮನಿಸುವುದಷ್ಟೇ ಕೆಲಸವಾಯಿತು. ಕಾಯುವವರು ಎಲ್ಲೆಲ್ಲೂ ಸಿಗುತ್ತಾರೆ. ಅವರು ಕೂತರೂ ಪೂರ್ತಿ ಕೂರುವುದಿಲ್ಲ, ಬೆಂಚಿನ ಅಂಚಿನಲ್ಲೇ ಇರುತ್ತಾರೆ. ಹೊತ್ತು ಹೋದಂತೆ ಹಿಂದಕ್ಕೆ ಸರಿದು ಒರಗುತ್ತಾರೆ. ಬಾಗಿಲಿಗೆ ನೇರ ಎದುರು ಕೂರಲು ಹಿಂಜರಿಯುತ್ತಾರೆ, ಬೆನ್ನು ಹಾಕಿ ಕೂರಲಂತೂ ಆಗುವುದೇ ಇಲ್ಲ, ಹಾಗಾಗಿ ಓರೆಯಾಗಿ ಕೂರುತ್ತಾರೆ. ಬರಬೇಕಾದವರ ದಿಕ್ಕಿಗೆ ಕಣ್ಣು ಮತ್ತೆ ಮತ್ತೆ ಹೋಗುತ್ತದೆ. ಏನೋ ಸದ್ದಾದರೆ ಎದ್ದು ನೋಡುತ್ತಾರೆ, ಅಲ್ಲ ಅಂತ ಗೊತ್ತಾದ ಮೇಲೆ ಕೂರುತ್ತಾರೆ. ಗಡಿಯಾರ ನೋಡಿದ ಮರುಗಳಿಗೆಗೇ ಎಷ್ಟಾಗಿತ್ತು ಎಂಬುದು ಮರೆತಿರುತ್ತದೆ.

ಇವಿಷ್ಟೂ ಅಳತೆಗಳಾಗಬಲ್ಲವು. ಇದು ಹೊಳೆದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಕೂತ ವಯಸ್ಕರ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ, ನಿಂತವರದು ಸಾಮಾನ್ಯವಾಗಿ 1.5ರಿಂದ 1.6. ಬರುವ ದಾರಿಯ ಕಡೆಗಿನ ಗೋಡೆಯಲ್ಲಿ ಅಡ್ಡಕ್ಕೆ ಒಂದು ಉದ್ದ ಕಿಂಡಿ ಕೊರೆದು, ಅದರ ಕೆಳ ಅಂಚನ್ನು 1.35 ಮೀಟರಿಗೆ ಇಟ್ಟರೆ? ಕೂತವರಿಗೆ ಆಕಾಶದ ಒಂದು ಪಟ್ಟಿ ಕಾಣುತ್ತದೆ, ದಾರಿ ಕಾಣುವುದಿಲ್ಲ. ದಾರಿ ನೋಡಬೇಕಾದರೆ ಏಳಬೇಕು. ಎದ್ದು ನೋಡಿ ಮತ್ತೆ ಕೂರುವ ಆ ಚಲನೆಯನ್ನು ಗೋಡೆಯೇ ಕೇಳುತ್ತದೆ. ಬೆಂಚನ್ನು ಗೋಡೆಗೆ ಸಮಾನಾಂತರವಾಗಿ ಇಡದೆ ಒಂದು ತುದಿಯಲ್ಲಿ 30 ಸೆಂಟಿಮೀಟರ್, ಇನ್ನೊಂದು ತುದಿಯಲ್ಲಿ 60 ಸೆಂಟಿಮೀಟರ್ ಅಗಲ ಮಾಡಿದೆ. ಬಾಗಿಲ ಹತ್ತಿರದ ಕಿರಿದಾದ ತುದಿಯಲ್ಲಿ ಅಂಚಿಗಷ್ಟೇ ಕೂರಲು ಸಾಧ್ಯ. ಒಳಗೆ ಹೋದಂತೆ ಮೈ ಹಿಂದಕ್ಕೆ ಸರಿದು ಒರಗಲು ಜಾಗ ಸಿಗುತ್ತದೆ.

ಒಂದು ಮಾತನ್ನು ಇಷ್ಟು ಸರಳವಾಗಿ ನಿರ್ಧಾರಗಳಾಗಿ ಒಡೆದು ತೋರಿಸಿದವರನ್ನು ಹುಡುಕುತ್ತ ಹೋದರೆ ನಾನು ಪ್ರತಿಸಲ ಬಂದು ನಿಲ್ಲುವುದು ಮಾಯಾ ಲಿನ್ ಅವರ ಮುಂದೆ. 1981ರಲ್ಲಿ ವಿಯೆಟ್ನಾಂ ಯುದ್ಧದ ಸ್ಮಾರಕಕ್ಕಾಗಿ ಅಮೆರಿಕದಲ್ಲಿ ನಡೆದ ಸ್ಪರ್ಧೆಗೆ 1,400ಕ್ಕೂ ಹೆಚ್ಚು ವಿನ್ಯಾಸಗಳು ಬಂದಿದ್ದವು. ಯಾರದು ಎಂಬ ಹೆಸರಿಲ್ಲ, ಬರೀ ಸಂಖ್ಯೆ. ಆರಿಸಿದ ವಿನ್ಯಾಸ ಯೇಲ್ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿನಿಯದು ಅಂತ ಗೊತ್ತಾದದ್ದು ಆಮೇಲೆ. ಮರುವರ್ಷ, 1982ರ ನವೆಂಬರಿನಲ್ಲಿ, ವಾಷಿಂಗ್ಟನ್ನಿನಲ್ಲಿ ಅದು ಉದ್ಘಾಟನೆಯಾಯಿತು.

ಅವರ ಮುಂದಿದ್ದದ್ದು ಇಲ್ಲದಿರುವಿಕೆ, ಹೋದವರು ಮತ್ತೆ ಬಾರದಿರುವುದು. ಮುರಿದ ಕಂಬ, ಬಾಗಿದ ಸೈನಿಕ ಇಂಥ ಚಿತ್ರಗಳು ಯಾರಿಗಾದರೂ ಬರುತ್ತವೆ. ಅವರು ಮಾಡಿದ್ದು ನೆಲವನ್ನು ಕೊಯ್ಯುವುದು. ಹುಲ್ಲುಗಾವಲಿನಲ್ಲಿ ಎರಡು ಗೋಡೆಗಳು, ಒಂದೊಂದೂ ಸುಮಾರು 75 ಮೀಟರ್ ಉದ್ದ, ಸುಮಾರು 125 ಡಿಗ್ರಿ ಕೋನದಲ್ಲಿ ಸೇರುತ್ತವೆ. ತುದಿಯಲ್ಲಿ ಗೋಡೆಯ ಎತ್ತರ ಒಂದು ಗೇಣಿನಷ್ಟು, ಎರಡೂ ಸೇರುವಲ್ಲಿ 3 ಮೀಟರ್. ನೀವು ನಡೆಯುತ್ತ ನಡೆಯುತ್ತ ಇಳಿಯುತ್ತೀರಿ, ಹೆಸರುಗಳು ಮೊದಲು ಪಾದದ ಹತ್ತಿರ, ಆಮೇಲೆ ಎದೆಯ ಮಟ್ಟಕ್ಕೆ, ಆಮೇಲೆ ತಲೆಯ ಮೇಲೆ. ಕಲ್ಲು ನುಣುಪಾದ ಕಪ್ಪು ಗ್ರಾನೈಟ್. ಓದುವವರ ಮುಖ 58,000ಕ್ಕೂ ಹೆಚ್ಚು ಹೆಸರುಗಳ ನಡುವೆ ಅದರಲ್ಲಿ ಕಾಣುತ್ತದೆ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಸರುಗಳ ಕ್ರಮ. ಅಕ್ಷರಮಾಲೆಯ ಕ್ರಮದಲ್ಲಿ ಬರೆದರೆ ಹುಡುಕಲು ಸುಲಭ ಎಂಬ ವಾದವಿತ್ತು. ಆದರೆ ಒಂದೇ ಹೆಸರಿನವರು ಎಷ್ಟೋ ಜನ, ಹಾಗೆ ಬರೆದರೆ ಅದು ದಾಖಲೆಪುಸ್ತಕವಾಗುತ್ತಿತ್ತು. ತೀರಿಕೊಂಡ ದಿನಗಳ ಕ್ರಮದಲ್ಲೇ ಇರಬೇಕು ಅಂತ ಲಿನ್ ಪಟ್ಟು ಹಿಡಿದರು. ಹಾಗಾಗಿ ಒಟ್ಟಿಗೆ ಹೋದವರು ಒಟ್ಟಿಗೇ ಇದ್ದಾರೆ. ಹೆಸರುಗಳು ಎರಡು ಗೋಡೆಗಳು ಸೇರುವಲ್ಲಿ ಆರಂಭವಾಗಿ, ಬಲತುದಿಯವರೆಗೆ ಹೋಗಿ ನಿಲ್ಲುತ್ತವೆ. ಮತ್ತೆ ಎಡತುದಿಯಲ್ಲಿ ಶುರುವಾಗಿ ಬಂದು ಅದೇ ಮೂಲೆಗೆ ಸೇರುತ್ತವೆ. ಯುದ್ಧದ ಮೊದಲ ಸಾವೂ ಕೊನೆಯ ಸಾವೂ ಪಕ್ಕಪಕ್ಕದಲ್ಲಿವೆ. ಇದರಲ್ಲಿ ಒಂದು ಇಟ್ಟಿಗೆಯೂ ಹೆಚ್ಚು ಖರ್ಚಾಗಿಲ್ಲ. ಬರೀ ಕ್ರಮ. ಕ್ರಮವೂ ವಾಸ್ತುಶಿಲ್ಪವೇ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಕೆಲಸ ನನಗೆ ಗೊತ್ತಿಲ್ಲ.

ಬರ್ಲಿನ್ನಿನ ಯಹೂದಿ ವಸ್ತುಸಂಗ್ರಹಾಲಯದ ಬಗ್ಗೆ ನಮ್ಮ ಸ್ಟುಡಿಯೋದಲ್ಲಿ ಜಗಳವೇ ಆಗುತ್ತದೆ. ಡ್ಯಾನಿಯೆಲ್ ಲಿಬೆಸ್ಕಿಂಡ್ ಅವರು ಅದರ ಗೆರೆಗಳನ್ನು ಪಡೆದದ್ದು ನಗರದ ನಕ್ಷೆಯ ಮೇಲೆ ಹಿಂದೆ ಅಲ್ಲಿ ಬಾಳಿದ್ದ ಹಲವರ ವಿಳಾಸಗಳನ್ನು ಜೋಡಿಸಿ. ನನ್ನ ಗೆಳತಿಗೆ ಆ ರೇಖಾಚಿತ್ರವೇ ಪ್ರಾಣ. ನನಗೆ ಆ ಗೆರೆಗಳ ಮೇಲೆ ಗೌರವವಿದೆ, ಆದರೆ ಒಳಗೆ ನಡೆಯುವವರಿಗೆ ಯಾವ ಗೆರೆ ಯಾರ ವಿಳಾಸಕ್ಕೆ ಹೋಗುತ್ತದೆ ಎಂಬುದು ಯಾರಾದರೂ ಹೇಳದೆ ತಿಳಿಯದು. ಅಲ್ಲೇ ಇನ್ನೊಂದು ಕಡೆ, ಯಹೂದಿಯರ ನರಮೇಧದ ನೆನಪಿಗೆ, 24 ಮೀಟರ್ ಎತ್ತರದ ಬರಿಯ ಕಾಂಕ್ರೀಟ್ ಗೋಪುರವಿದೆ. ಒಳಗೆ ಏನೂ ಇಟ್ಟಿಲ್ಲ, ಬಿಸಿಮಾಡುವ ವ್ಯವಸ್ಥೆ ಇಲ್ಲ, ಎಲ್ಲೋ ಮೇಲಿನ ಒಂದು ಸೀಳಿನಿಂದ ಬೆಳಕು. ಹೊರಗಿನ ಊರಿನ ಸದ್ದು ಕ್ಷೀಣವಾಗಿ ಕೇಳುತ್ತದೆ, ಅದನ್ನು ತಲುಪಲು ಆಗುವುದಿಲ್ಲ. ಅಲ್ಲಿಗೆ ಹೋದವರಿಗೆ ವಿವರಣೆ ಬೇಕಿಲ್ಲ. 1999ರಲ್ಲಿ ಕಟ್ಟಡ ಮುಗಿದಾಗ ಪ್ರದರ್ಶನ ಇನ್ನೂ ಸಿದ್ಧವಾಗಿರಲಿಲ್ಲ. 2001ರಲ್ಲಿ ವಸ್ತುಸಂಗ್ರಹಾಲಯ ತೆರೆಯುವವರೆಗೂ ಜನ ಖಾಲಿ ಕಟ್ಟಡವನ್ನೇ ನೋಡಲು ಬಂದರು. ಈ ವಾದದಲ್ಲಿ ನಾನು ಮತ್ತೆ ಮತ್ತೆ ಮುಂದಿಡುವುದು ಇದನ್ನೇ.

ಕಾಯುವಿಕೆಗೆ ಮೈಯ ಜೊತೆ ಹೊತ್ತೂ ಬೇಕಿತ್ತು. ಗಡಿಯಾರ ತೂಗುಹಾಕುವುದು ನನಗೆ ಇಷ್ಟವಿರಲಿಲ್ಲ. ಕಾಲವನ್ನೇ ಕಟ್ಟಡ ಮಾಡಿದವರು ಇದ್ದಾರಲ್ಲ, ಅವರನ್ನು ನೋಡೋಣ ಅಂತ ಜೈಪುರದ ಜಂತರ್ ಮಂತರ್‌ನ ಸಾಮ್ರಾಟ್ ಯಂತ್ರದ ಅಳತೆಗಳನ್ನು ತೆಗೆದು ಕೂತೆ. 18ನೇ ಶತಮಾನದಲ್ಲಿ ಸವಾಯಿ ಜೈಸಿಂಗ್ ಕಟ್ಟಿಸಿದ್ದು, ಸುಮಾರು 27 ಮೀಟರ್ ಎತ್ತರ. ಆಕಾಶಕ್ಕೆ ಏರುವ ಮೆಟ್ಟಿಲಿನಂತೆ ಕಾಣುವ ಆ ಓರೆಗೋಡೆ ಭೂಮಿಯ ಅಕ್ಷಕ್ಕೆ ಸಮಾನಾಂತರ. ಅದರ ಕೋನ ಜೈಪುರದ ಅಕ್ಷಾಂಶದಷ್ಟೇ, 27 ಡಿಗ್ರಿ. ಅದರ ನೆರಳು ಪಕ್ಕದ ಬಾಗಿದ ಪಟ್ಟಿಯ ಮೇಲೆ ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತದೆ. ನಿಂತು ನೋಡಿದರೆ ಹೊತ್ತು ನಡೆಯುವುದು ಬರಿಗಣ್ಣಿಗೇ ಕಾಣುತ್ತದೆ. ಅಲ್ಲಿ ಕಾಲದ ಸಂಕೇತ ಅಂತ ಯಾವುದೂ ಇಲ್ಲ. ಒಂದು ಕೋನ ಬದಲಾದರೂ ಅದು ಸುಳ್ಳು ಹೇಳತೊಡಗುತ್ತದೆ. ಕಲ್ಪನೆಯೂ ರೂಪವೂ ಇಷ್ಟು ಬಿಗಿಯಾಗಿ ಬೆಸೆದುಕೊಂಡಿರುವುದನ್ನು ಕಂಡಾಗ ವಿದ್ಯಾರ್ಥಿಗೆ ಆಗುವ ಹುರುಪು ಬೇರೆಯೇ.

ನನ್ನ ಕೋಣೆಗೆ ಅಂಥ ನಿಖರತೆ ಬೇಕಿರಲಿಲ್ಲ, ಚಲನೆ ಕಂಡರೆ ಸಾಕಿತ್ತು. ಆಕಾಶದಲ್ಲಿ ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುವಂತೆ ಕಾಣುತ್ತಾನೆ. ಚಾವಣಿಯಲ್ಲಿ ಒಂದು ಕಿರಿದಾದ ಸೀಳು ಬಿಟ್ಟು, ಅದರಿಂದ 3 ಮೀಟರ್ ದೂರದಲ್ಲಿ ಗೋಡೆ ಬಂದರೆ, ಬಿಸಿಲು ಹೆಚ್ಚುಕಡಿಮೆ ನೇರವಾಗಿ ಬೀಳುವ ಹೊತ್ತಿನಲ್ಲಿ ಬೆಳಕಿನ ಪಟ್ಟಿ ಗಂಟೆಗೆ ಸುಮಾರು 80 ಸೆಂಟಿಮೀಟರ್ ಸಾಗುತ್ತದೆ. ಒಬ್ಬರು ಕೂರುವಷ್ಟು ಜಾಗಕ್ಕಿಂತ ತುಸು ಹೆಚ್ಚು. ಅಂದರೆ ಬೆಂಚಿನ ಮೇಲೆ ನಿಮ್ಮ ಪಕ್ಕದ ಜಾಗದಲ್ಲಿದ್ದ ಬಿಸಿಲು ಮುಕ್ಕಾಲು ಗಂಟೆಯಲ್ಲಿ ನಿಮ್ಮ ಮೇಲೆ ಬರುತ್ತದೆ. ಮೌಂಟ್‌ಬೋರ್ಡ್ ಎಂಬ ದಪ್ಪ ರಟ್ಟಿನಲ್ಲಿ 1:20ರ, ಅಂದರೆ ಇಪ್ಪತ್ತನೇ ಒಂದರಷ್ಟು ಅಳತೆಯ, ಮಾಡೆಲ್ ಮಾಡಿ, ಸೀಳಿನ ಮೇಲೆ ಫೋನಿನ ಟಾರ್ಚ್ ಹಿಡಿದು ನಿಧಾನವಾಗಿ ತಿರುಗಿಸುತ್ತ ಇದನ್ನು ನೋಡಿದೆ. ಆ ಮಾಡೆಲಿನೊಳಗೆ ಒಂದು ಕಣ್ಣಿಟ್ಟು ನೋಡಿದಾಗಲೇ ಗೊತ್ತಾದದ್ದು, ಗೋಡೆ ಬಿಳಿಯಾಗಿದ್ದರೆ ಬೆಳಕು ಎಲ್ಲೆಡೆ ಹರಡಿ ಪಟ್ಟಿಯ ಅಂಚು ಕರಗಿಹೋಗುತ್ತದೆ ಅಂತ. ಗೋಡೆಗೆ ಒರಟು ಬೂದು ಗಾರೆ ಬಂದದ್ದು ಹೀಗೆ.

ಕಾನ್ಸೆಪ್ಟ್, ಅಂದರೆ ವಿನ್ಯಾಸದ ಮೂಲ ಕಲ್ಪನೆ, ಮೊದಲು ತೀರ್ಮಾನಿಸಿ, ಆಮೇಲೆ ರೂಪಕ್ಕೆ ಇಳಿಸುವ ಸಂಗತಿ ಎಂಬಂತೆ ನಮ್ಮ ಶೀಟುಗಳ ಕ್ರಮವಿರುತ್ತದೆ. ಎಡಕ್ಕೆ ಕಾನ್ಸೆಪ್ಟ್, ಬಾಣದ ಗುರುತು, ಬಲಕ್ಕೆ ಪ್ಲಾನ್. ಕೆಲಸ ನಡೆಯುವುದು ಹಾಗಲ್ಲ. ಬೂದು ಗಾರೆ ಯಾವ ಬಾಣದಿಂದಲೂ ಬರಲಿಲ್ಲ. ಕೈಯಲ್ಲಿ ಮಾಡುವಾಗ ವಸ್ತು ತಾನೇ ಏನನ್ನೋ ಹೇಳುತ್ತದೆ. ಅದನ್ನು ಕೇಳಿಸಿಕೊಂಡು ಮತ್ತೆ ಮೊದಲಿನ ಮಾತಿಗೆ ಮರಳಬೇಕು. ಪೀಟರ್ ಜುಮ್ಥೋರ್ ಜರ್ಮನಿಯ ಹೊಲದ ನಡುವೆ ಕಟ್ಟಿದ, 2007ರಲ್ಲಿ ಮುಗಿದ ಬ್ರೂಡರ್ ಕ್ಲೌಸ್ ಪ್ರಾರ್ಥನಾಲಯವನ್ನೇ ನೋಡಿ. 112 ಮರದ ಕಾಂಡಗಳನ್ನು ಗುಡಾರದಂತೆ ನಿಲ್ಲಿಸಿ, ಅವುಗಳ ಸುತ್ತ ದಿನಕ್ಕೊಂದು ಪದರದಂತೆ 24 ಪದರ ಕಾಂಕ್ರೀಟ್ ಹಾಕಿ, ಕೊನೆಗೆ ಒಳಗಿನ ಮರಕ್ಕೆ ವಾರಗಟ್ಟಲೆ ನಿಧಾನ ಬೆಂಕಿ ಕೊಟ್ಟರು. ಮರ ಹೋಯಿತು, ಕಾಂಡಗಳ ಅಚ್ಚು ಗೋಡೆಯಲ್ಲಿ ಮಸಿ ಹಿಡಿದು ಉಳಿಯಿತು. ಏಕಾಂತ, ಭಕ್ತಿ ಎಂದು ಏನೇ ಹೆಸರಿಡಿ, ಅದು ಕಟ್ಟುವ ವಿಧಾನದಲ್ಲೇ ಬೆರೆತುಹೋಗಿದೆ. ಅದನ್ನು ಶೀಟಿನ ಎಡಭಾಗಕ್ಕೆ ಕಿತ್ತು ಇಡಲಾಗದು.

ಒಳ್ಳೆಯ ಕಾನ್ಸೆಪ್ಟಿಗೆ ಇನ್ನೊಂದು ಗುಣ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಅದು ಬೇಡ ಅನ್ನಬೇಕು. ಎಲ್ಲಕ್ಕೂ ಹೂಂ ಅನ್ನುವ ಕಾನ್ಸೆಪ್ಟಿನಿಂದ ವಿನ್ಯಾಸಕ್ಕೆ ನೆರವಿಲ್ಲ. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಕಟ್ಟಡದಲ್ಲಿ ಲೂಯಿ ಕಾನ್ ಎರಡು ಸಾಲು ಪ್ರಯೋಗಾಲಯಗಳ ನಡುವೆ ಮರಗಳ ತೋಟ ಯೋಚಿಸಿದ್ದರು. ಮೆಕ್ಸಿಕೋದ ವಾಸ್ತುಶಿಲ್ಪಿ ಲೂಯಿಸ್ ಬರಾಗಾನ್ ಬಂದು ನೋಡಿ, ಒಂದೂ ಮರ ಬೇಡ, ಬರಿಯ ಕಲ್ಲಿನ ಅಂಗಳ ಬಿಡಿ, ಆಗ ಆಕಾಶಕ್ಕೇ ಒಂದು ಮುಖ ಸಿಗುತ್ತದೆ ಎಂಬ ಅರ್ಥದ ಮಾತು ಹೇಳಿದರಂತೆ. ಈಗ ಅಲ್ಲಿರುವುದು ಬರಿದಾದ ಅಂಗಳ, ನಡುವೆ ಕಡಲ ಕಡೆಗೆ ಹರಿಯುವ ನೀರಿನ ಸಣ್ಣ ಕಾಲುವೆ. ಮರ ಚೆಂದವೇ. ಆದರೆ ಆ ಅಂಗಳದಲ್ಲಿ ಮೌನಕ್ಕೆ ಅದು ಬೇಡವಾಗಿತ್ತು. ನನ್ನ ಕೋಣೆಯಲ್ಲೂ ಹಿಂಗೋಡೆಗೆ ಒಂದು ದೊಡ್ಡ ಕಿಟಕಿ ಬಹಳ ದಿನ ಇತ್ತು. ಗಾಳಿಗೆ ಒಳ್ಳೆಯದು, ನೋಟವೂ ಒಳ್ಳೆಯದು. ಕಾಯುವವರಿಗೆ ಎರಡು ದಿಕ್ಕುಗಳಿರುವುದಿಲ್ಲ ಅಂತ ಅರಿವಾದ ಮೇಲೆ ಅದನ್ನು ಮುಚ್ಚಿ, ಗಾಳಿಗಾಗಿ ಸೂರಿನ ಕೆಳಗೆ ತೆಳ್ಳಗಿನ ಸಂದು ಬಿಟ್ಟೆ.

ಕಟ್ಟೆಗೆ ಹತ್ತುವ ಬಗೆ ಮಾತ್ರ ಇನ್ನೂ ಉಳಿದಿತ್ತು. ಮೆಟ್ಟಿಲಿಗೆ ಒಂದು ಹಳೆಯ ಲೆಕ್ಕವಿದೆ, 17ನೇ ಶತಮಾನದ ಫ್ರಾನ್ಸಿನ ಬ್ಲೊಂಡೆಲ್ ಹೇಳಿದ್ದು: ಎರಡು ಮೆಟ್ಟಿಲುಗಳ ಎತ್ತರಕ್ಕೆ ಒಂದು ಮೆಟ್ಟಿಲಿನ ಅಗಲ ಕೂಡಿದರೆ ಒಂದು ಹೆಜ್ಜೆಯಷ್ಟು, ಸುಮಾರು 60ರಿಂದ 65 ಸೆಂಟಿಮೀಟರ್, ಬರಬೇಕು. 15 ಎತ್ತರ, 30 ಅಗಲ ಇಟ್ಟರೆ ಕಾಲು ಯೋಚಿಸದೆ ಹತ್ತುತ್ತದೆ. 10 ಎತ್ತರ, 45 ಅಗಲ ಮಾಡಿದರೆ ಲೆಕ್ಕ ತಪ್ಪುವುದಿಲ್ಲ, ಆದರೆ ನಡಿಗೆ ತಾನಾಗಿ ನಿಧಾನವಾಗುತ್ತದೆ. ನಾನು ಎರಡನೆಯದನ್ನು ಆರಿಸಿದ್ದೆ. ಮಧ್ಯದ ಜ್ಯೂರಿಯಲ್ಲಿ ಹೊರಗಿನಿಂದ ಬಂದಿದ್ದ ಹಿರಿಯರೊಬ್ಬರು ಸೆಕ್ಷನ್ (ಕಟ್ಟಡವನ್ನು ಉದ್ದಕ್ಕೆ ಸೀಳಿದಂತೆ ತೋರಿಸುವ ನಕ್ಷೆ) ಮೇಲೆ ಬೆರಳಿಟ್ಟು ಕೇಳಿದರು: “ಹತ್ತೋಕಾಗದೇ ಇರೋರು ಎಲ್ಲಿ ಕಾಯ್ಬೇಕಮ್ಮ? ಎದ್ದು ನಿಲ್ಲೋಕಾಗದೇ ಇರೋರು ಈ ಕಿಂಡೀಲಿ ಏನು ನೋಡ್ಬೇಕು?”

ಇದು ನಿಯಮದ ಪ್ರಶ್ನೆ, ಇಳಿಜಾರೊಂದನ್ನು ಪಕ್ಕಕ್ಕೆ ಅಂಟಿಸಿದರೆ ಮುಗಿಯಿತು ಅಂತ ಸ್ಟುಡಿಯೋದಲ್ಲಿ ಕೆಲವರು ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಕಾಯುವುದು ಯಾರ ಪಾಲಿಗೆ ಹೆಚ್ಚು ಬರುತ್ತದೆ ಎಂಬುದೇ ಆ ಪ್ರಶ್ನೆಯಲ್ಲಿತ್ತು. ಗಾಲಿಕುರ್ಚಿಯ ಇಳಿಜಾರು 1:12ಕ್ಕಿಂತ, ಅಂದರೆ 12 ಮೀಟರ್ ಉದ್ದಕ್ಕೆ 1 ಮೀಟರ್ ಏರುವುದಕ್ಕಿಂತ, ಕಡಿದಾಗಿರಬಾರದು. 90 ಸೆಂಟಿಮೀಟರ್ ಏರಲು ಕಡಿಮೆಯೆಂದರೆ 10.8 ಮೀಟರ್ ಉದ್ದ. ಇನ್ನೂ ಸಲೀಸಾಗಿ, ತಳ್ಳುವವರಿಗೂ ಉಸಿರು ಹಿಡಿಯದಂತೆ 1:20 ಇಟ್ಟರೆ 18 ಮೀಟರ್. ನನ್ನ ಜಾಗದ ಒಂದು ಬದಿ 9 ಮೀಟರ್. ಮೂಲೆಗಳಲ್ಲಿ ತಿರುಗಲು ಒಂದೂವರೆ ಮೀಟರಿನ ಸಮತಟ್ಟು ಬಿಟ್ಟರೆ ಮೊದಲ ಬದಿಯಲ್ಲಿ 7.5, ಎರಡನೆಯದರಲ್ಲಿ 6, ಮೂರನೆಯದರಲ್ಲಿ 4.5. ಕೂಡಿದರೆ ಸರಿಯಾಗಿ 18. ಮೂರನೆಯ ಬದಿಯಲ್ಲಿ ಉಳಿಯುವ 3 ಮೀಟರಿನಲ್ಲಿ ಬಾಗಿಲ ಮುಂದಿನ ಜಾಗ. ಬರುವವರಿಗೆ ಬಾಗಿಲು ಮೊದಲು ದೂರದಿಂದ ಕಾಣುತ್ತದೆ, ಮೂಲೆ ತಿರುಗಿದಾಗ ಮರೆಯಾಗುತ್ತದೆ, ಮತ್ತೆ ತಿರುಗಿದಾಗ ಎದುರಿಗೇ ಬರುತ್ತದೆ. ಒಳಗೆ ಕೂತವರಿಗೆ ಗಾಲಿಯ ಸದ್ದೋ ಹೆಜ್ಜೆಯ ಸದ್ದೋ ಗೋಡೆಯ ಆಚೆ ಸುತ್ತಿ ಬರುವುದು ಕೇಳುತ್ತದೆ. ಬರುವವರು ಯಾರೆಂದು ತಿಳಿಯುವ ಮೊದಲೇ ಯಾರೋ ಬರುತ್ತಿದ್ದಾರೆ ಅಂತ ಗೊತ್ತಾಗುತ್ತದೆ.

ಕಿಂಡಿಯ ಕೆಳ ಅಂಚನ್ನೂ ಓರೆ ಮಾಡಿದೆ. ಬೆಂಚಿನ ಕಿರಿದಾದ ತುದಿಯಲ್ಲಿ ಅದು 1.35 ಮೀಟರಿನಲ್ಲೇ ಇದೆ, ಒಳಗೆ ಹೋದಂತೆ ಇಳಿದು ಅಗಲವಾದ ತುದಿಯಲ್ಲಿ 90 ಸೆಂಟಿಮೀಟರಿಗೆ ಬರುತ್ತದೆ. ಆಗತಾನೆ ಬಂದವರು ಎದ್ದು ನೋಡಬೇಕು. ಬಹಳ ಹೊತ್ತಿನಿಂದ ಕಾಯುತ್ತಿರುವವರಿಗೆ, ಬೆಂಚಿನ ಆ ತುದಿಗೆ ತಾಗಿ ನಿಲ್ಲಿಸಿದ ಗಾಲಿಕುರ್ಚಿಯಲ್ಲಿರುವವರಿಗೆ, ಮಕ್ಕಳಿಗೆ ಕೂತಲ್ಲಿಂದಲೇ ದಾರಿ ಕಾಣುತ್ತದೆ. ಮೆಟ್ಟಿಲುಗಳನ್ನು ಪ್ಲಾನಿನಿಂದ ಪೂರ್ತಿ ತೆಗೆದುಬಿಟ್ಟೆ. ಈಗ ಒಳಗೆ ಬರಲು ಇರುವುದು ಒಂದೇ ದಾರಿ, ಎಲ್ಲರಿಗೂ ಅದೇ.